ಲೂಸಿಲ್ ಬಾಲ್: ಗಾಳಿಯಲ್ಲಿ ಕರಗಿಹೋಗಬೇಕಿದ್ದ ನಟನೆ ಉಳಿದದ್ದು ಹೇಗೆ

ಚಾಕೊಲೇಟ್ ಕಾರ್ಖಾನೆಯ ಒಂದು ಕೋಣೆ. ಓಡುವ ಬೆಲ್ಟಿನ ಮುಂದೆ ಇಬ್ಬರು ಹೆಂಗಸರು ನಿಂತಿದ್ದಾರೆ. ಒಂದೊಂದಾಗಿ ಸರಿದು ಬರುವ ಚಾಕೊಲೇಟುಗಳಿಗೆ ಕಾಗದ ಸುತ್ತಿ ಬಿಡುವುದು ಅವರ ಕೆಲಸ. ಸುತ್ತದ ಒಂದೇ ಒಂದು ಚಾಕೊಲೇಟು ಆಚೆ ಹೋದರೂ ಕೆಲಸ ಹೋಯಿತೆಂದು ತಿಳಿಯಿರಿ ಎಂದು ಮೇಲ್ವಿಚಾರಕಿ ಗದರಿಸಿ ಹೋಗಿದ್ದಾಳೆ. ಮೊದಮೊದಲು ಎಲ್ಲ ಸರಾಗ. ಆಮೇಲೆ ಬೆಲ್ಟು ಜೋರಾಗುತ್ತದೆ. ಕೈ ಸಾಲುವುದಿಲ್ಲ. ಒಂದೆರಡನ್ನು ಬಾಯಿಗೆ ತುರುಕಿಕೊಳ್ಳುತ್ತಾರೆ, ಮತ್ತೊಂದಷ್ಟನ್ನು ಟೋಪಿಯೊಳಗೆ, ಉಳಿದದ್ದನ್ನು ಅಂಗಿಯೊಳಗೆ. ಮೇಲ್ವಿಚಾರಕಿ ಬಂದು ನೋಡಿದರೆ ಬೆಲ್ಟು ಖಾಲಿ. ಭೇಷ್ ಎಂದು, ಇನ್ನೂ ಜೋರಾಗಿ ಓಡಿಸಿ ಎಂದು ಕೂಗುತ್ತಾಳೆ.

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ‘ಐ ಲವ್ ಲೂಸಿ’ ಎಂಬ ಹಾಸ್ಯ ಸರಣಿಯ ಈ ಕಂತು ಪ್ರಸಾರವಾದದ್ದು 1952ರ ಸೆಪ್ಟೆಂಬರ್ 15ರಂದು. ಬಾಯಿ ತುಂಬ ಚಾಕೊಲೇಟು ತುಂಬಿಕೊಂಡು ಕಣ್ಣರಳಿಸಿ ನಿಂತ ನಟಿ ಲೂಸಿಲ್ ಬಾಲ್. ಆ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಚಿತ್ರ ಇವತ್ತಿಗೂ ಸ್ಪಷ್ಟ, ಬೆಳಕು ಹದ, ಹಿಂದಿನಿಂದ ಕೇಳುವ ನಗು ನಿಜವಾದ ಜನರದ್ದು. ಆದರೆ ಅದೇ ಕಾಲದ ಅಮೆರಿಕನ್ ಟಿವಿಯಲ್ಲಿ ಲಕ್ಷಾಂತರ ಜನರನ್ನು ನಗಿಸಿದ ಎಷ್ಟೋ ಕಾರ್ಯಕ್ರಮಗಳು ಇವತ್ತು ನೋಡೋಣವೆಂದರೂ ಸಿಗುವುದಿಲ್ಲ. ಸಿಕ್ಕರೂ ಮಂಜು ಕವಿದ ಕನ್ನಡಿಯಲ್ಲಿ ಮುಖ ನೋಡಿದ ಹಾಗಿರುತ್ತವೆ.

ಇದೇಕೆ ಉಳಿಯಿತು, ಅವೇಕೆ ಹೋದವು? ಲೂಸಿಲ್ ಅವರ ಬದುಕನ್ನು ಪ್ರತಿಭೆಯ ಕತೆಯಾಗಿ ಹೇಳುವವರು ಬಹಳ. ಪ್ರತಿಭೆ ಇದ್ದದ್ದು ನಿಜ, ಅದರ ಮಾತನ್ನು ಮುಂದೆ ಆಡುತ್ತೇನೆ. ಆದರೆ ಆ ಪ್ರತಿಭೆ ನಮ್ಮ ಕಣ್ಣಿಗೆ ಬಿದ್ದದ್ದು ಎರಡು ತೀರ್ಮಾನಗಳಿಂದ. ನಟನೆಯನ್ನು ಯಾವುದರ ಮೇಲೆ ದಾಖಲಿಸಬೇಕು ಎಂಬುದು ಒಂದು, ಆ ದಾಖಲೆ ಯಾರ ಸ್ವತ್ತಾಗಬೇಕು ಎಂಬುದು ಇನ್ನೊಂದು. ಕಿರುತೆರೆಯ ಇತಿಹಾಸದಲ್ಲಿ ಇವೆರಡಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂದು ನನಗೆ ಅನಿಸುತ್ತದೆ.

ನಲವತ್ತರವರೆಗಿನ ಅಲೆದಾಟ

ಲೂಸಿಲ್ ಹುಟ್ಟಿದ್ದು 1911ರ ಆಗಸ್ಟ್ 6ರಂದು, ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್ ಎಂಬ ಊರಿನಲ್ಲಿ. ತಂದೆ ಹೆನ್ರಿ ಟೆಲಿಫೋನ್ ಕಂಪನಿಯಲ್ಲಿ ತಂತಿ ಎಳೆಯುವ ಕೆಲಸಗಾರ. 1915ರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡಾಗ ಮಗಳಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ, ತಮ್ಮ ತಾಯಿಯ ಹೊಟ್ಟೆಯಲ್ಲಿದ್ದ. ತಾಯಿ ಡೆಸಿರೇ ಅವರನ್ನು ಎಲ್ಲರೂ ಡೀಡೀ ಎನ್ನುತ್ತಿದ್ದರು. ಅವರು ಮತ್ತೆ ಮದುವೆಯಾಗಿ ಗಂಡನ ಜೊತೆ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದಾಗ ಹುಡುಗಿ ಮಲತಂದೆಯ ಹೆತ್ತವರ ಬಳಿ ಉಳಿಯಬೇಕಾಯಿತು. ಬಹಳ ಕಟ್ಟುನಿಟ್ಟಿನ ಮನೆ ಅದು. ಬಚ್ಚಲುಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಕನ್ನಡಿಯಿಲ್ಲ. ಕನ್ನಡಿಯಲ್ಲಿ ತನ್ನನ್ನು ತಾನು ನೋಡಿಕೊಳ್ಳುತ್ತ ನಿಂತರೆ ಬೈಗುಳ. ಮುಂದೆ ಮುಖವನ್ನೇ ಉಪಕರಣ ಮಾಡಿಕೊಂಡ ನಟಿಯ ಬಾಲ್ಯ ಇದು.

ಹದಿಹರೆಯದಲ್ಲಿ ನ್ಯೂಯಾರ್ಕಿನ ನಾಟಕ ಶಾಲೆಗೆ ಕಳಿಸಿದ್ದು ತಾಯಿಯೇ. ಅಲ್ಲಿ ಜೊತೆಗೆ ಓದುತ್ತಿದ್ದವರು ಮುಂದೆ ಹಾಲಿವುಡ್ಡಿನ ದೊಡ್ಡ ತಾರೆಯಾದ ಬೆಟ್ಟಿ ಡೇವಿಸ್. ಬೆಟ್ಟಿ ಮಿಂಚಿದರು, ಲೂಸಿಲ್ ಬಾಯಿ ಬಿಡಲಾರದೆ ನಿಂತರು. ಈ ಹುಡುಗಿಗೆ ಸಂಕೋಚ ಜಾಸ್ತಿ, ದುಡ್ಡು ದಂಡ ಎಂದು ಶಾಲೆಯವರು ಮನೆಗೆ ಬರೆದರು. ಆಮೇಲೆ ಬಟ್ಟೆಯಂಗಡಿಯ ಮಾಡೆಲ್ ಆದರು. ಕೈ ಹಿಡಿಯುತ್ತಿದ್ದ ಹೊತ್ತಿಗೆ ಕಾಲಿನ ಕೀಲುಗಳಿಗೆ ಕಾಯಿಲೆ ಬಂದು ಬಹುಕಾಲ ಊರಲ್ಲೇ ಉಳಿದರು, ಮತ್ತೆ ನಡೆಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಕಾಯಿತು. 1933ರಲ್ಲಿ ಒಂದು ಸಂಗೀತ ಚಿತ್ರದ ಗುಂಪಿನ ಹುಡುಗಿಯರಲ್ಲಿ ಒಬ್ಬರಾಗಿ ಹಾಲಿವುಡ್ಡಿಗೆ ಬಂದರು.

ಅಲ್ಲಿಂದ ಹದಿನೆಂಟು ವರ್ಷ. ಐವತ್ತಕ್ಕೂ ಹೆಚ್ಚು ಸಿನಿಮಾ ಮಾಡಿದರು. ಆರ್‌ಕೆಓ ಸ್ಟುಡಿಯೋದಲ್ಲಿ ಸಂಬಳದ ನಟಿ, ಆಮೇಲೆ ಎಂಜಿಎಂ ಸ್ಟುಡಿಯೋ. ಅವರ ಕಂದು ಕೂದಲು ಕೆಂಪಾದದ್ದು ಎಂಜಿಎಂನಲ್ಲಿ. ಕಡಿಮೆ ಖರ್ಚಿನ ಚಿತ್ರಗಳ ರಾಣಿ ಎಂಬ ಹೆಸರು ಬಂತು. ಅದು ಹೊಗಳಿಕೆಯೂ ಹೌದು, ಇನ್ನು ಮೇಲೇರುವುದಿಲ್ಲ ಎಂಬ ತೀರ್ಪೂ ಹೌದು. ಚೆಲುವೆ ಎಂದು ಕರೆತಂದು ಚೆಲುವೆಯ ಪಾತ್ರ ಕೊಟ್ಟರೆ ಸಾಧಾರಣವಾಗಿ ಕಾಣುತ್ತಿದ್ದರು, ತಮಾಷೆ ಮಾಡಿಸಬೇಕೆಂದು ಸ್ಟುಡಿಯೋದವರಿಗೆ ಹೊಳೆಯಲಿಲ್ಲ.

1940ರಲ್ಲಿ ಆರ್‌ಕೆಓದ ಒಂದು ಚಿತ್ರದ ಸೆಟ್ಟಿನಲ್ಲಿ ಡೆಸಿ ಅರ್ನಾಜ್ ಪರಿಚಯವಾದರು. ಕ್ಯೂಬಾದ ಸ್ಯಾಂಟಿಯಾಗೊ ನಗರದ ಮೇಯರರ ಮಗ. 1933ರ ಕ್ರಾಂತಿಯಲ್ಲಿ ಮನೆಮಠ ಕಳೆದುಕೊಂಡು ಮಯಾಮಿಗೆ ಬಂದು, ಡ್ರಮ್ ಬಾರಿಸಿ, ಹಾಡಿ, ಸ್ವಂತ ಬ್ಯಾಂಡು ಕಟ್ಟಿದ ಹುಡುಗ. ಲೂಸಿಲ್ ಅವರಿಗಿಂತ ಆರು ವರ್ಷ ಚಿಕ್ಕವರು. ಅದೇ ವರ್ಷದ ನವೆಂಬರ್ 30ರಂದು ಇಬ್ಬರೂ ಯಾರಿಗೂ ಹೇಳದೆ ಮದುವೆಯಾದರು. ಮದುವೆಯಾದ ಮೇಲೆ ಒಟ್ಟಿಗಿದ್ದದ್ದು ಕಡಿಮೆ. ಬ್ಯಾಂಡಿನೊಂದಿಗೆ ಅವರು ಊರೂರು ಸುತ್ತುತ್ತಿದ್ದರು, ಇವರು ಹಾಲಿವುಡ್ಡಿನಲ್ಲಿ. 1944ರಲ್ಲಿ ಲೂಸಿಲ್ ವಿಚ್ಛೇದನಕ್ಕೆ ಅರ್ಜಿ ಹಾಕಿ, ಮತ್ತೆ ರಾಜಿಯಾದರು. ಗಂಡ ಮನೆಯಲ್ಲಿರಬೇಕು, ಮಕ್ಕಳಾಗಬೇಕು ಎಂಬ ಸರಳ ಆಸೆ ಅವರದ್ದು. ಮುಂದಿನ ಎಲ್ಲ ಹಟಕ್ಕೂ ಬೇರು ಇಲ್ಲಿದೆ.

ಅವರ ಹಾಸ್ಯ ಹೊರಬಂದದ್ದು ಮುಖವೇ ಕಾಣದ ಮಾಧ್ಯಮದಲ್ಲಿ. 1948ರಲ್ಲಿ ಸಿಬಿಎಸ್ ರೇಡಿಯೋದಲ್ಲಿ ಗಂಡಹೆಂಡಿರ ಹಾಸ್ಯ ನಾಟಕವೊಂದು ಶುರುವಾಯಿತು. ಬರೆದವರು ಜೆಸ್ ಓಪನ್‌ಹೈಮರ್, ಮ್ಯಾಡೆಲಿನ್ ಪ್ಯೂ, ಬಾಬ್ ಕ್ಯಾರಲ್. ಆ ಕಾಲದ ರೇಡಿಯೋ ನಾಟಕಗಳನ್ನು ಎದುರಿಗೆ ಜನರನ್ನು ಕೂರಿಸಿಕೊಂಡು ಆಡುತ್ತಿದ್ದರು. ಲೂಸಿಲ್ ಕಾಗದ ನೋಡಿ ಓದುತ್ತಿದ್ದರು. ಓಪನ್‌ಹೈಮರ್ ಲೂಸಿಲ್ ಅವರ ಕೈಗೆ ಜ್ಯಾಕ್ ಬೆನ್ನಿ ಎಂಬ ಹಾಸ್ಯಗಾರನ ಕಾರ್ಯಕ್ರಮದ ಟಿಕೆಟ್ ಕೊಟ್ಟು, ಹೋಗಿ ನೋಡಿ ಬನ್ನಿ ಎಂದರು. ಬೆನ್ನಿ ಮೈಕಿನ ಮುಂದೆ ನಿಂತರೂ ಮುಖದಿಂದ, ಮೌನದಿಂದ ಎದುರಿನವರನ್ನು ಆಟವಾಡಿಸುತ್ತಿದ್ದರು. ನೋಡಿ ಬಂದ ಲೂಸಿಲ್ ಬದಲಾದರು. ಎದುರಿಗೆ ಜನ ಕೂತಿದ್ದರೆ ಇವರ ಮೈಗೆ ಜೀವ ಬರುತ್ತದೆ ಎಂಬುದು ಆ ಮೂವರು ಬರಹಗಾರರಿಗೆ ಖಾತ್ರಿಯಾಯಿತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗಂಟೆಯ ಲೆಕ್ಕ, ರೀಲಿನ ಲೆಕ್ಕ

ಇದನ್ನು ಟಿವಿಗೆ ತನ್ನಿ ಎಂದು ಸಿಬಿಎಸ್ ಕೇಳಿದಾಗ ಲೂಸಿಲ್ ಒಂದು ಷರತ್ತು ಹಾಕಿದರು. ನನ್ನ ಗಂಡನ ಪಾತ್ರ ನನ್ನ ಗಂಡನೇ ಮಾಡಬೇಕು. ವಾಹಿನಿಯವರು ಹಿಂಜರಿದರು. ಕ್ಯೂಬಾದ ಉಚ್ಚಾರಣೆಯ ಮನುಷ್ಯ ಅಮೆರಿಕನ್ ಹೆಣ್ಣಿನ ಗಂಡ ಎಂದರೆ ಜನ ನಂಬುವುದಿಲ್ಲ ಎಂಬ ವಾದ. ನಿಜ ಜೀವನದಲ್ಲಿ ಹತ್ತು ವರ್ಷದಿಂದ ಗಂಡಹೆಂಡತಿಯಾಗಿದ್ದವರ ಮುಂದೆ ಆಡಿದ ಮಾತು ಇದು. ಇಬ್ಬರೂ 1950ರಲ್ಲಿ ಡೆಸಿಲು ಎಂಬ ಕಂಪನಿ ಕಟ್ಟಿದರು. ಇಬ್ಬರ ಹೆಸರನ್ನು ಕೂಡಿಸಿ ಮಾಡಿದ ಹೆಸರು ಅದು. ರಂಗಪ್ರದರ್ಶನ ಒಂದನ್ನು ಹೊಂದಿಸಿಕೊಂಡು ಊರೂರು ಸುತ್ತಿದರು. ಜನ ಹೊಟ್ಟೆ ಹಿಡಿದು ನಕ್ಕರು. ವಾಹಿನಿ ಒಪ್ಪಿತು. ಫಿಲಿಪ್ ಮಾರಿಸ್ ಎಂಬ ಸಿಗರೇಟು ಕಂಪನಿ ಪ್ರಾಯೋಜಕನಾಗಿ ಬಂತು.

ನಿಜವಾದ ತೊಡಕು ಆಮೇಲೆ ಎದ್ದಿತು. ಇದು ಅರ್ಥವಾಗಬೇಕಾದರೆ ಆ ಕಾಲದ ಟಿವಿ ಹೇಗೆ ನಡೆಯುತ್ತಿತ್ತು ಎಂದು ತಿಳಿಯಬೇಕು.

ಆಗ ವೀಡಿಯೋ ಟೇಪ್ ಇರಲಿಲ್ಲ. ವಾಹಿನಿಗಳು ಅದನ್ನು ಬಳಸತೊಡಗಿದ್ದು 1956ರ ಕೊನೆಗೆ. ಹಾಗಾಗಿ ಹೆಚ್ಚಿನ ಕಾರ್ಯಕ್ರಮಗಳು ನೇರ ಪ್ರಸಾರ. ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ನಟರು ಆಡುತ್ತಿದ್ದ ಹಾಗೆಯೇ ಪೂರ್ವ ಭಾಗದ ಮನೆಗಳಲ್ಲಿ ಕಾಣುತ್ತಿತ್ತು. ಟಿವಿ ಇದ್ದ ಮನೆಗಳು ಹೆಚ್ಚಾಗಿ ಇದ್ದದ್ದೂ ಆ ಕಡೆಯೇ. ಮೂರು ಸಾವಿರ ಮೈಲಿಯ ಹತ್ತಿರ ದೂರವಿದ್ದ ಪಶ್ಚಿಮ ಕರಾವಳಿಗೆ ನೇರ ಪ್ರಸಾರದ ಸಂಪರ್ಕ ಸಿಕ್ಕಿದ್ದು 1951ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಮುಂಚೆ ಪಶ್ಚಿಮದವರಿಗೆ ಕಳಿಸಲು ಒಂದು ಉಪಾಯ ಮಾಡುತ್ತಿದ್ದರು: ನೇರ ಪ್ರಸಾರ ನಡೆಯುವಾಗ ಟಿವಿ ಪರದೆಯ ಎದುರಿಗೇ ಸಿನಿಮಾ ಕ್ಯಾಮೆರಾ ಇಟ್ಟು, ಪರದೆಯ ಚಿತ್ರವನ್ನೇ ಚಿತ್ರೀಕರಿಸುವುದು. ಇದಕ್ಕೆ ಕಿನೆಸ್ಕೋಪ್ ಎನ್ನುತ್ತಿದ್ದರು. ಗೋಡೆಗೆ ಹಾಕಿದ ಫೋಟೋವನ್ನು ಮತ್ತೆ ಫೋಟೋ ತೆಗೆದರೆ ಏನಾಗುತ್ತದೋ ಅದೇ ಆಗುತ್ತಿತ್ತು. ಮುಖ ಮಸುಕು, ಕಪ್ಪು ಮತ್ತೂ ಕಪ್ಪು, ಬಿಳುಪು ಕಣ್ಣು ಕುಕ್ಕುವಷ್ಟು ಬಿಳುಪು.

ಪ್ರಾಯೋಜಕರ ಬೇಡಿಕೆ ಸರಳವಾಗಿತ್ತು. ಗಿರಾಕಿಗಳು ಪೂರ್ವದಲ್ಲಿದ್ದಾರೆ, ಅವರಿಗೆ ಮಸುಕು ಚಿತ್ರ ತೋರಿಸುವುದಕ್ಕೆ ನಾವು ದುಡ್ಡು ಕೊಡುವುದಿಲ್ಲ, ನೀವು ನ್ಯೂಯಾರ್ಕಿಗೆ ಬಂದು ನೇರವಾಗಿ ಆಡಿ. ಲೂಸಿಲ್ ಮತ್ತು ಡೆಸಿಗೆ ಲಾಸ್ ಏಂಜಲಿಸ್ ಬಿಡಲು ಮನಸ್ಸಿಲ್ಲ. ಮನೆ ಅಲ್ಲಿತ್ತು. ಹತ್ತು ವರ್ಷ ಕಾದು, ಗರ್ಭಪಾತಗಳ ನೋವುಂಡು, 1951ರ ಜುಲೈ 17ರಂದು ಮಗಳು ಲೂಸಿ ಹುಟ್ಟಿದ್ದಳು. ಒಟ್ಟಿಗೆ ಸಂಸಾರ ಮಾಡಬೇಕೆಂದೇ ಶುರುಮಾಡಿದ ಕೆಲಸಕ್ಕಾಗಿ ಆ ಸಂಸಾರವನ್ನೇ ಕೀಳುವುದು ಹೇಗೆ?

ಹಾಗಾದರೆ ಸಿನಿಮಾದಂತೆ ಫಿಲ್ಮಿನ ಮೇಲೆ ತೆಗೆದು ಕಳಿಸೋಣ ಎಂಬ ಮಾತು ಬಂತು. ಫಿಲ್ಮಿನ ಪ್ರತಿ ತೆಗೆದರೆ ನ್ಯೂಯಾರ್ಕಿನವರೂ ಲಾಸ್ ಏಂಜಲಿಸಿನವರೂ ಒಂದೇ ಗುಣಮಟ್ಟದ ಚಿತ್ರ ನೋಡುತ್ತಾರೆ. ಆದರೆ ಸಿನಿಮಾದ ಪದ್ಧತಿಯಲ್ಲಿ ತೆಗೆದರೆ ಎದುರಿಗೆ ಪ್ರೇಕ್ಷಕರಿರುವುದಿಲ್ಲ. ಒಂದೇ ಕ್ಯಾಮೆರಾ, ಒಂದು ಶಾಟ್ ಆದ ಮೇಲೆ ದೀಪಗಳನ್ನೆಲ್ಲ ಸರಿಸಿ ಇನ್ನೊಂದು ಶಾಟ್, ಒಂದು ನಗೆಯ ಮಾತಿಗೆ ನಾಲ್ಕು ಗಂಟೆ. ಹಾಗೆ ಮಾಡಿದರೆ ಸಿನಿಮಾದಲ್ಲಿ ಹದಿನೆಂಟು ವರ್ಷ ಕಂಡ ಸಾಧಾರಣ ಲೂಸಿಲ್ ಸಿಗುತ್ತಾರೆಯೇ ಹೊರತು ರೇಡಿಯೋದಲ್ಲಿ ಜನರ ಮುಂದೆ ಅರಳಿದ ಲೂಸಿಲ್ ಸಿಗುವುದಿಲ್ಲ. ಆದ್ದರಿಂದ ಬೇಕಾದದ್ದು ನಾಟಕದಂತೆ ತಡೆಯಿಲ್ಲದೆ ಆಡುವುದು, ಎದುರಿಗೆ ಜನ ಕೂರುವುದು, ಅಷ್ಟನ್ನೂ ಸಿನಿಮಾ ಗುಣಮಟ್ಟದಲ್ಲಿ ಹಿಡಿಯುವುದು. ಮೂರೂ ಒಟ್ಟಿಗೆ.

ಪರಿಹಾರ ಕೊಟ್ಟದ್ದು ಮೂರು ಕ್ಯಾಮೆರಾ. ಹಲವು ಕ್ಯಾಮೆರಾ ಇಟ್ಟು ಚಿತ್ರೀಕರಿಸುವುದು ಇವರೇ ಮೊದಲು ಕಂಡುಹಿಡಿದದ್ದಲ್ಲ, ಒಂದೆರಡು ಕಾರ್ಯಕ್ರಮಗಳಲ್ಲಿ ಆಗಲೇ ನಡೆದಿತ್ತು. ಆದರೆ ವಾರವಾರವೂ ಒಂದು ಪೂರ್ತಿ ಹಾಸ್ಯ ನಾಟಕವನ್ನು ಸುಮಾರು ಮುನ್ನೂರು ಪ್ರೇಕ್ಷಕರ ಮುಂದೆ, 35 ಮಿಲಿಮೀಟರ್ ಫಿಲ್ಮಿನ ಮೇಲೆ, ಹೀಗೆ ತೆಗೆಯುವ ವ್ಯವಸ್ಥೆಯನ್ನು ನೆಲೆಗೆ ನಿಲ್ಲಿಸಿದ್ದು ಇವರು. ನಡುವಿನ ಕ್ಯಾಮೆರಾ ಇಡೀ ಕೋಣೆಯನ್ನು ಹಿಡಿಯುತ್ತದೆ, ಅಕ್ಕಪಕ್ಕದವು ಮುಖಗಳನ್ನು. ಮೂರೂ ಒಂದೇ ಕ್ಷಣವನ್ನು ಮೂರು ಕಡೆಯಿಂದ ಹಿಡಿದಿರುವುದರಿಂದ ಸಂಕಲನದ ಮೇಜಿನಲ್ಲಿ ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಲೂಸಿಲ್ ಕಣ್ಣರಳಿಸಿದ ಆ ಅರೆಗಳಿಗೆಯನ್ನು ಮತ್ತೆ ಮಾಡಿಸಬೇಕಿಲ್ಲ.

ಹೇಳಿದಷ್ಟು ಸುಲಭವಲ್ಲ, ಕಾರಣ ಬೆಳಕು. ದೂರದ ಶಾಟಿಗೆ ಹಾಕಿದ ದೀಪ ಹತ್ತಿರದ ಮುಖಕ್ಕೆ ಒಗ್ಗುವುದಿಲ್ಲ. ಒಂದು ಕ್ಯಾಮೆರಾಗೆ ಸರಿಯಾದ ದೀಪದ ಕಂಬ ಇನ್ನೊಂದರ ಚೌಕಟ್ಟಿನಲ್ಲಿ ಕಂಡುಬಿಡುತ್ತದೆ. ಇದಕ್ಕಾಗಿ ಕರೆತಂದದ್ದು ಕಾರ್ಲ್ ಫ್ರಾಯ್ಂಡ್ ಅವರನ್ನು. ಜರ್ಮನಿಯ ಮೂಕಿ ಚಿತ್ರಗಳ ಕಾಲದಿಂದ ದೊಡ್ಡ ಹೆಸರು, ಛಾಯಾಗ್ರಹಣಕ್ಕೆ ಆಸ್ಕರ್ ಗೆದ್ದವರು. ಮೊದಲು ಅವರೂ ಇದು ಆಗದ ಕೆಲಸ ಎಂದರಂತೆ. ಆಮೇಲೆ ದೀಪಗಳನ್ನು ನೆಲದಿಂದ ಎತ್ತಿ ತಲೆಯ ಮೇಲೆ ಸಾಲಾಗಿ ತೂಗುಹಾಕಿದರು. ಕೋಣೆಯ ಎಲ್ಲ ಮೂಲೆಗೂ ಹೆಚ್ಚುಕಡಿಮೆ ಒಂದೇ ಸಮನಾದ ಬೆಳಕು. ಸೆಟ್ಟಿನ ಗೋಡೆ, ಸಾಮಾನುಗಳಿಗೆ ಬೂದು ಬಣ್ಣದ ಬೇರೆಬೇರೆ ಛಾಯೆಗಳನ್ನು ಬಳಿಸಿದರು. ಕಪ್ಪುಬಿಳುಪು ಟಿವಿಯಲ್ಲಿ ಯಾವುದು ಎಷ್ಟು ಗಾಢವಾಗಿ ಕಾಣುತ್ತದೆ ಎಂಬುದು ಹೀಗೆ ಅವರ ಹಿಡಿತಕ್ಕೆ ಬಂತು. ನೆಲ ಖಾಲಿಯಾದದ್ದರಿಂದ ಕ್ಯಾಮೆರಾಗಳು ಸಲೀಸಾಗಿ ಓಡಾಡಿದವು. ಅದಕ್ಕಿಂತ ಮುಖ್ಯವಾಗಿ ನಟರು ಎಲ್ಲಿ ಬೇಕಾದರೂ ಬೀಳಬಹುದು, ಏಳಬಹುದು, ಮೇಜಿನ ಮೇಲೆ ಹತ್ತಬಹುದು. ಲೂಸಿಲ್ ಅವರ ಮೈಗೆ ಬೇಕಾದ ಬಯಲನ್ನು ಆ ದೀಪಗಳು ಮಾಡಿಕೊಟ್ಟವು.

ಎಲ್ಲ ಸರಿ, ಫಿಲ್ಮಿನ ಹೆಚ್ಚುವರಿ ಖರ್ಚು ಯಾರು ಕೊಡಬೇಕು? ಸಿಬಿಎಸ್ ಮತ್ತು ಪ್ರಾಯೋಜಕರು ಸ್ವಲ್ಪ ಹೊತ್ತರು. ಉಳಿದದ್ದಕ್ಕೆ ಗಂಡಹೆಂಡತಿ ತಮ್ಮ ಸಂಬಳದಲ್ಲಿ ವಾರಕ್ಕೆ 1000 ಡಾಲರು ಬಿಟ್ಟುಕೊಟ್ಟರು. ಬದಲಿಗೆ ಡೆಸಿ ಒಂದು ಮಾತು ಕೇಳಿದರು: ಪ್ರಸಾರವಾದ ಮೇಲೆ ಆ ಕಂತುಗಳ ನೆಗೆಟಿವ್ ಪೂರ್ತಿಯಾಗಿ ಡೆಸಿಲು ಕಂಪನಿಯ ಸ್ವತ್ತಾಗಬೇಕು. ವಾಹಿನಿಯವರು ಹೆಚ್ಚು ಯೋಚಿಸದೆ ಒಪ್ಪಿದರು. ಒಮ್ಮೆ ತೋರಿಸಿ ಮುಗಿದ ಕಾರ್ಯಕ್ರಮಕ್ಕೆ ಬೆಲೆಯೇನಿದೆ? ಓದಿ ಎಸೆದ ನಿನ್ನೆಯ ಪತ್ರಿಕೆ ಅದು ಎಂದು ಆಗಿನ ಎಲ್ಲರ ನಂಬಿಕೆ.

ಬೆಳೆ ಮಾರುವುದು ಬೇರೆ, ಹೊಲ ಮಾರುವುದು ಬೇರೆ ಎಂಬುದು ಬೇಸಾಯದ ಮನೆಯ ಮಗುವಿಗೂ ಗೊತ್ತು. ಟಿವಿಯಲ್ಲಿ ಹೊಲ ಯಾವುದು, ಬೆಳೆ ಯಾವುದು ಎಂದು 1951ರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡೆಸಿಗೆ ಎಲ್ಲ ಮೊದಲೇ ಕಂಡಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಸಂಬಳ ಬಿಟ್ಟುಕೊಡುವಾಗ ಕೈಗೆ ಏನಾದರೂ ಬರಲಿ ಎಂದು ಕೇಳಿದ್ದು ಅವರು. ಮನೆಮಠ ಒಮ್ಮೆ ಕಳೆದುಕೊಂಡವನಿಗೆ ಸ್ವತ್ತಿನ ಬೆಲೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿದ್ದೀತು.

ತೆರೆಯ ಮೇಲಿನ ಅವಳು

1951ರ ಅಕ್ಟೋಬರ್ 15ರ ಸೋಮವಾರ ರಾತ್ರಿ 9 ಗಂಟೆಗೆ ‘ಐ ಲವ್ ಲೂಸಿ’ ಶುರುವಾಯಿತು. ಲೂಸಿಲ್ ಅವರಿಗೆ ನಲವತ್ತು ತುಂಬಿ ಎರಡು ತಿಂಗಳಾಗಿತ್ತು. ಸಿನಿಮಾದವರ ಲೆಕ್ಕದಲ್ಲಿ ನಾಯಕಿಯ ಕಾಲ ಮುಗಿದ ವಯಸ್ಸು.

ಕತೆ ಬಹಳ ಸಣ್ಣದು. ಲೂಸಿ ರಿಕಾರ್ಡೊ ಗೃಹಿಣಿ. ಗಂಡ ರಿಕಿ ನ್ಯೂಯಾರ್ಕಿನ ಕ್ಲಬ್ಬಿನಲ್ಲಿ ಬ್ಯಾಂಡು ನಡೆಸುತ್ತಾನೆ. ಅವಳಿಗೆ ತಾನೂ ರಂಗದ ಮೇಲೆ ಹತ್ತಬೇಕೆಂಬ ಆಸೆ, ಅವನಿಗೆ ಹೆಂಡತಿ ಮನೆಯಲ್ಲಿರಲೆಂಬ ಆಸೆ. ಅದೇ ಕಟ್ಟಡದ ಮಾಲೀಕರಾದ ಮರ್ಟ್ಜ್ ದಂಪತಿ ನೆರೆಹೊರೆ. ಆ ಪಾತ್ರಗಳಲ್ಲಿ ವಿವಿಯನ್ ವ್ಯಾನ್ಸ್ ಮತ್ತು ವಿಲಿಯಂ ಫ್ರಾಲಿ. ವಿವಿಯನ್ ಅವರ ಪಾತ್ರ ಲೂಸಿಯ ಉಪಾಯಗಳಿಗೆ ಬೇಡ ಬೇಡವೆನ್ನುತ್ತಲೇ ಕೈಜೋಡಿಸುವ ಗೆಳತಿಯದು. ಬೀಳುವವರನ್ನು ನೋಡಿ ನಗಬೇಕಾದರೆ ಪಕ್ಕದಲ್ಲಿ ನೆಲಕ್ಕೆ ಕಾಲೂರಿದವರು ಒಬ್ಬರು ಬೇಕು. ಆ ಕೆಲಸವನ್ನು ವಿವಿಯನ್ ಅಷ್ಟು ಚೆನ್ನಾಗಿ ಮಾಡಿದ್ದರಿಂದಲೇ ಅದು ಕಣ್ಣಿಗೆ ಬೀಳುವುದು ಕಡಿಮೆ.

ಲೂಸಿಲ್ ಸ್ಥಳದಲ್ಲೇ ಹೊಳೆದದ್ದನ್ನು ಮಾಡುವ ಹಾಸ್ಯನಟಿ ಎಂದು ನೋಡುವವರಿಗೆ ಅನಿಸುತ್ತದೆ. ಹಾಗಿರಲಿಲ್ಲ. ಚಿತ್ರಕತೆಯಲ್ಲಿ ಅವರು ಮಾಡಬೇಕಾದ ಪ್ರತಿಯೊಂದು ಚೇಷ್ಟೆಯನ್ನೂ ಬರಹಗಾರರು ದೊಡ್ಡ ಅಕ್ಷರಗಳಲ್ಲಿ ಬರೆದಿಡುತ್ತಿದ್ದರು. ಹೆಂಗಸೊಬ್ಬಳು ಇದನ್ನು ಮಾಡಬಲ್ಲಳೇ ಎಂದು ಮ್ಯಾಡೆಲಿನ್ ಪ್ಯೂ ಅನೇಕ ಸಲ ತಾವೇ ಮಾಡಿ ನೋಡುತ್ತಿದ್ದರು. ಆಮೇಲೆ ಲೂಸಿಲ್ ತಾಲೀಮಿಗೆ ಇಳಿಯುತ್ತಿದ್ದರು. ಕೈಗೆ ಸಿಗುವ ವಸ್ತು ಯಾವುದೇ ಇರಲಿ, ಅದರ ತೂಕ, ಜಾರುವಿಕೆ, ಸದ್ದು ಎಲ್ಲ ಮೈಗೆ ಇಳಿಯುವವರೆಗೆ ಬಿಡುತ್ತಿರಲಿಲ್ಲ.

1952ರ ಮೇ ತಿಂಗಳ ಒಂದು ಕಂತಿನಲ್ಲಿ ಅವರು ಟಾನಿಕ್ಕಿನ ಜಾಹೀರಾತಿಗೆ ತಾಲೀಮು ಮಾಡುತ್ತಾರೆ. ಟಾನಿಕ್ಕಿನಲ್ಲಿ ಮದ್ಯವಿದೆ, ಲೂಸಿಗೆ ಗೊತ್ತಿಲ್ಲ. ಪ್ರತಿ ತಾಲೀಮಿಗೂ ಒಂದು ಚಮಚ. ನಟನೆ ಕಲಿಯುವವರು ಇದನ್ನು ನಿಧಾನವಾಗಿ ನೋಡಬೇಕು. ಮೊದಲ ಚಮಚಕ್ಕೆ ಕಹಿ ಮುಖಕ್ಕೆ ಬರುತ್ತದೆ, ಅದರ ಮೇಲೆ ನಗುವನ್ನು ಎಳೆದು ಮುಚ್ಚುತ್ತಾಳೆ. ಎರಡನೆಯದಕ್ಕೆ ಕಹಿ ಕಡಿಮೆ. ಆಮೇಲಾಮೇಲೆ ರುಚಿ ಹತ್ತುತ್ತದೆ. ನಾಲಿಗೆ ಮೊದಲು ಒಂದು ಅಕ್ಷರದಲ್ಲಿ ಜಾರುತ್ತದೆ, ನಂತರ ಒಂದು ಪದದಲ್ಲಿ, ಕೊನೆಗೆ ವಾಕ್ಯವೇ ಮಗುಚಿಕೊಳ್ಳುತ್ತದೆ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತ ಪ್ರತಿ ಸಲವೂ ಒಂದೇ ಒಂದು ಮೆಟ್ಟಿಲು ಇಳಿಯುವುದು, ಎಲ್ಲೂ ಎರಡು ಮೆಟ್ಟಿಲು ಹಾರದೆ. ಕುಡುಕರ ನಟನೆ ಎಂದರೆ ತೂರಾಡುವುದು ಎಂದುಕೊಂಡವರಿಗೆ ಇದು ದೊಡ್ಡ ಪಾಠ. ಕ್ಯಾಮೆರಾ ಮಧ್ಯೆ ನಿಂತು ನಿಂತು ಓಡಿದ್ದರೆ ಈ ಇಳಿಜಾರು ಕಟ್ಟುವುದೇ ಕಷ್ಟವಾಗುತ್ತಿತ್ತು.

ಒಂದು ಮಾತನ್ನು ಮುಚ್ಚಿಡಬಾರದು. ಆ ಲೂಸಿ ಪ್ರತಿವಾರವೂ ಸೋಲುತ್ತಾಳೆ. ಮನೆ ದಾಟಲು ಹೊರಟು ಮರಳಿ ಮನೆಗೇ ಬರುತ್ತಾಳೆ, ಗಂಡನ ಕ್ಷಮೆ ಕೇಳುತ್ತಾಳೆ. ಗಂಡ ಅವಳನ್ನು ಮೊಣಕಾಲ ಮೇಲೆ ಮಲಗಿಸಿ ಹೊಡೆಯುವುದನ್ನು ನಗೆಯ ದೃಶ್ಯವೆಂದು ತೋರಿಸಿದ ಕಂತುಗಳೂ ಇವೆ. ಇವತ್ತು ನೋಡುವಾಗ ನೋವಾಗುತ್ತದೆ. ಆದರೂ ನನ್ನ ಮನಸ್ಸಿನಲ್ಲಿ ಉಳಿಯುವುದು ಸೋಲಲ್ಲ, ಮುಂದಿನ ಸೋಮವಾರ ಅವಳು ಮತ್ತೆ ಹೊರಡುತ್ತಾಳೆ ಎಂಬುದು. ಆ ಸೋಲುಗಳನ್ನು ಆಡಿ ತೋರಿಸಿದ ನಟಿ ಆ ಕಂಪನಿಯ ಅರ್ಧ ಮಾಲೀಕರು ಎಂಬುದೂ ಜೊತೆಗೆ ನೆನಪಾಗುತ್ತದೆ.

1952ರಲ್ಲಿ ಲೂಸಿಲ್ ಮತ್ತೆ ಗರ್ಭಿಣಿಯಾದರು. ಕಾರ್ಯಕ್ರಮ ನಿಲ್ಲಿಸಬೇಕಾಗುತ್ತದೆ ಎಂದೇ ಎಲ್ಲರೂ ಭಾವಿಸಿದರು. ಹೊಟ್ಟೆ ಕಾಣದ ಹಾಗೆ ಕುರ್ಚಿಯ ಹಿಂದೆ ನಿಲ್ಲಿಸಿ ಎಂಬ ಸಲಹೆಯೂ ಬಂತು. ಲೂಸಿಲ್, ಡೆಸಿ ಒಪ್ಪಲಿಲ್ಲ, ಕತೆಯ ಲೂಸಿಯೂ ತಾಯಿಯಾಗಲಿ ಎಂದರು. ಕೊನೆಗೆ ವಾಹಿನಿ ಒಪ್ಪಿದ್ದು ಒಂದು ಕಟ್ಟಳೆಯ ಮೇಲೆ. ಬಸುರಿ ಎಂಬ ಅರ್ಥದ ನೇರ ಪದ ಯಾರ ಬಾಯಲ್ಲೂ ಬರಬಾರದು. ನಮ್ಮ ಹಿರಿಯರು ‘ಏನಾದರೂ ವಿಶೇಷವೇನಮ್ಮಾ’ ಎಂದು ಕೇಳುತ್ತಿದ್ದರಲ್ಲ, ಹಾಗೆ ಮಗುವಿನ ನಿರೀಕ್ಷೆಯಲ್ಲಿದ್ದಾಳೆ ಎಂಬ ಸುತ್ತುಬಳಸಿನ ಮಾತನ್ನೇ ಆಡಿದರು. ಕಂತಿನ ಹೆಸರಿಗೂ ಫ್ರೆಂಚ್ ಪದ ಬಳಸಿದರು. ಕ್ಯಾಥೊಲಿಕ್ ಪಾದ್ರಿ, ಪ್ರಾಟೆಸ್ಟೆಂಟ್ ಪಾದ್ರಿ, ಯಹೂದಿ ಧರ್ಮಗುರು ಮೂವರೂ ಕತೆ ಓದಿ, ತಪ್ಪೇನಿಲ್ಲ ಎಂದರು.

1953ರ ಜನವರಿ 19ರ ಬೆಳಗ್ಗೆ ಲೂಸಿಲ್ ಅವರಿಗೆ ಶಸ್ತ್ರಚಿಕಿತ್ಸೆಯ ಮೂಲಕ ಮಗ ಹುಟ್ಟಿದ. ಅದೇ ರಾತ್ರಿ, ಎರಡು ತಿಂಗಳ ಮುಂಚೆಯೇ ಚಿತ್ರೀಕರಿಸಿದ್ದ ಕಂತಿನಲ್ಲಿ ಕತೆಯ ಲೂಸಿಗೂ ಮಗ ಹುಟ್ಟಿದ. ನೋಡಿದವರು ಸುಮಾರು 4 ಕೋಟಿ 40 ಲಕ್ಷ ಜನ. ಮರುದಿನ ಐಸೆನ್‌ಹೋವರ್ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದನ್ನು ಟಿವಿಯಲ್ಲಿ ನೋಡಿದವರು ಸುಮಾರು 2 ಕೋಟಿ 90 ಲಕ್ಷ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೇರೆ ಗಂಡಾಂತರ ಬಂತು. ಸಮಾಜವಾದಿಯಾಗಿದ್ದ ತಾತನ ಮನಸ್ಸು ನೋಯಿಸಬಾರದೆಂದು 1936ರಲ್ಲಿ ಲೂಸಿಲ್ ಕಮ್ಯುನಿಸ್ಟ್ ಪಕ್ಷದ ಮತದಾರರಾಗಿ ಹೆಸರು ಬರೆಸಿದ್ದರು. ಸಂಸತ್ತಿನ ತನಿಖಾ ಸಮಿತಿ ಅದನ್ನು ಎತ್ತಿ ಕೇಳಿತು. ಆ ದಿನಗಳಲ್ಲಿ ಎಷ್ಟೋ ಕಲಾವಿದರ ಬದುಕು ಇಂಥ ಒಂದು ಸಾಲಿನಿಂದ ಮುಗಿದಿತ್ತು. ಚಿತ್ರೀಕರಣದ ಸಂಜೆ ಡೆಸಿ ಪ್ರೇಕ್ಷಕರ ಮುಂದೆ ಬಂದು, ಲೂಸಿಯಲ್ಲಿ ಕೆಂಪಗಿರುವುದು ಕೂದಲೊಂದೇ, ಅದೂ ಬಣ್ಣ ಹಚ್ಚಿದ್ದು ಎಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಹೊಲದ ಬೆಲೆ

ಬಾಣಂತಿಯಾದ ಲೂಸಿಲ್ ಅವರಿಗೆ ವಿಶ್ರಾಂತಿ ಬೇಕಿತ್ತು. ಆ ವಾರಗಳಲ್ಲಿ ಏನು ತೋರಿಸುವುದು? ಹಳೆಯ ಕಂತುಗಳನ್ನೇ ಮತ್ತೆ ಹಾಕಿದರು. ನೋಡಿದ್ದನ್ನೇ ಜನ ನೋಡುತ್ತಾರೆಯೇ ಎಂಬ ಅನುಮಾನ ಆಗಿನವರದ್ದು. ಜನ ಮತ್ತೆ ನಕ್ಕರು. ಮುಂದೆ ಏನಾಗುತ್ತದೆ ಎಂದು ಗೊತ್ತಿದ್ದೂ ನಕ್ಕರು.

ಇದು ಕಿನೆಸ್ಕೋಪಿನ ಮಸುಕು ಚಿತ್ರದಲ್ಲಿ ಆಗುವ ಮಾತಲ್ಲ. 35 ಮಿಲಿಮೀಟರ್ ನೆಗೆಟಿವ್ ಇದ್ದದ್ದರಿಂದ ಎಷ್ಟು ಸಲ ಬೇಕಾದರೂ ಹೊಸ ಪ್ರತಿ ತೆಗೆಯಬಹುದಿತ್ತು. ನಿನ್ನೆಯ ಪತ್ರಿಕೆ ಎಂದುಕೊಂಡದ್ದು ಪುಸ್ತಕವಾಯಿತು. ಮರುಪ್ರಸಾರ, ಒಂದು ವಾಹಿನಿಯಲ್ಲಿ ಮುಗಿದದ್ದನ್ನು ಊರೂರಿನ ಕೇಂದ್ರಗಳಿಗೆ ಮತ್ತೆ ಮಾರುವುದು, ಮುಂದೆ ಬೇರೆ ದೇಶಗಳಿಗೆ ಕೊಡುವುದು, ಟಿವಿ ಉದ್ಯಮ ಇವತ್ತಿಗೂ ಬದುಕುವ ಈ ದಾರಿಗಳೆಲ್ಲ ಇಲ್ಲಿಂದ ಅಗಲವಾದವು. ಒಂದು ಕಾರ್ಯಕ್ರಮದ ನಿಜವಾದ ಬೆಲೆ ಮೊದಲ ರಾತ್ರಿಯಲ್ಲಿಲ್ಲ, ಅದರ ನಂತರದ ವರ್ಷಗಳಲ್ಲಿದೆ ಎಂದು ಗೊತ್ತಾಯಿತು. ಇದರಿಂದ ಕೆಲಸವೂ ನ್ಯೂಯಾರ್ಕಿನ ನೇರ ಪ್ರಸಾರದಿಂದ ಹಾಲಿವುಡ್ಡಿನ ಫಿಲ್ಮಿನ ಕಡೆಗೆ ಹರಿಯಿತು.

1957ರ ಮೇ 6ರಂದು ಅರ್ಧ ಗಂಟೆಯ ಕಂತುಗಳ ಸರಣಿ ಮುಗಿಯಿತು, ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿರುವಾಗಲೇ. ಆ ಸುಮಾರಿಗೆ ಡೆಸಿಲು ಹಳೆಯ ಕಂತುಗಳ ಹಕ್ಕನ್ನು ಸಿಬಿಎಸ್‌ಗೆ ಮಾರಿತು. ಬಂದ ಹಣ 50 ಲಕ್ಷ ಡಾಲರಿನ ಆಸುಪಾಸು. ವಾಹಿನಿ ಬೇಡವೆಂದು ಬಿಟ್ಟುಕೊಟ್ಟದ್ದನ್ನೇ ಅಷ್ಟು ಕೊಟ್ಟು ಮರಳಿ ಕೊಂಡುಕೊಂಡಿತು. ಆ ಕಂತುಗಳಿಂದ ಸಿಬಿಎಸ್ ಮುಂದೆ ದಶಕಗಟ್ಟಲೆ ಗಳಿಸಿದೆ. ಹಾಗಾಗಿ ಮಾರಿದ್ದು ತಪ್ಪು ಎನ್ನುವವರಿದ್ದಾರೆ. ನಾನು ಹಾಗೆನ್ನಲಾರೆ. ಅದೇ ವರ್ಷದ ಕೊನೆಗೆ ಡೆಸಿಲು 60 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಒಂದು ಸ್ಟುಡಿಯೋ ಕೊಂಡಿತು. ಯಾವುದು ಗೊತ್ತೇ? ಲೂಸಿಲ್ ಒಂದು ಕಾಲದಲ್ಲಿ ಸಂಬಳದ ನಟಿಯಾಗಿದ್ದ, ಗಂಡನನ್ನು ಮೊದಲು ನೋಡಿದ ಆರ್‌ಕೆಓ.

ಸಂಸಾರ ಉಳಿಯಲಿಲ್ಲ. ಕುಡಿತ, ಬೇರೆ ಹೆಂಗಸರು, ಮಿತಿಮೀರಿದ ಕೆಲಸ. ಸರಣಿ ಮುಗಿದ ಮೇಲೂ ಆಗಾಗ ಮಾಡುತ್ತಿದ್ದ ಒಂದು ಗಂಟೆಯ ವಿಶೇಷ ಕಂತುಗಳಲ್ಲಿ ಕೊನೆಯದಕ್ಕಾಗಿ 1960ರ ಮಾರ್ಚ್ 2ರಂದು ಇಬ್ಬರೂ ಲೂಸಿ ಮತ್ತು ರಿಕಿಯಾಗಿ ಕೊನೆಯ ದೃಶ್ಯದಲ್ಲಿ ನಟಿಸಿದರು, ಮರುದಿನ ಲೂಸಿಲ್ ವಿಚ್ಛೇದನಕ್ಕೆ ಅರ್ಜಿ ಕೊಟ್ಟರು. 1962ರಲ್ಲಿ ಡೆಸಿಯ ಪಾಲನ್ನು ಕೊಂಡು ತಾವೇ ಕಂಪನಿಯ ಮುಖ್ಯಸ್ಥರಾದರು. ಅಷ್ಟು ದೊಡ್ಡ ಸ್ಟುಡಿಯೋವನ್ನು ಆ ಕಾಲದಲ್ಲಿ ಹಾಲಿವುಡ್ಡಿನಲ್ಲಿ ಬೇರೆ ಯಾವ ಹೆಂಗಸೂ ನಡೆಸುತ್ತಿರಲಿಲ್ಲ. ವ್ಯವಹಾರ ಅವರಿಗೆ ಇಷ್ಟವಿರಲಿಲ್ಲ, ಒಳಗೊಳಗೇ ಭಯವೂ ಇತ್ತು. ಆದರೂ ಮುಖ್ಯ ಗಳಿಗೆಯಲ್ಲಿ ಹಿಂದೆಗೆಯಲಿಲ್ಲ. ‘ಸ್ಟಾರ್ ಟ್ರೆಕ್’ ಎಂಬ ಬಾಹ್ಯಾಕಾಶದ ಕತೆಗೆ ಖರ್ಚು ಜಾಸ್ತಿ, ಬೇಡ ಎಂದು ಆಡಳಿತ ಮಂಡಳಿಯವರು ಹೇಳಿದಾಗ, ಮಾಡೋಣ ಎಂದದ್ದು ಲೂಸಿಲ್ ಎಂದು ಅಲ್ಲಿ ಕೆಲಸ ಮಾಡಿದವರು ನೆನೆದಿದ್ದಾರೆ. 1966ರಲ್ಲಿ ಅದೂ ‘ಮಿಷನ್: ಇಂಪಾಸಿಬಲ್’ ಕೂಡ ಡೆಸಿಲುವಿನಿಂದಲೇ ಹೊರಬಂದವು. ಮರುವರ್ಷ ಕಂಪನಿಯನ್ನು 1 ಕೋಟಿ 70 ಲಕ್ಷ ಡಾಲರಿಗೆ ಮಾರಿದರು.

ಜೊತೆಜೊತೆಗೆ ನಟನೆಯೂ ನಡೆದಿತ್ತು. 1962ರಿಂದ 1974ರವರೆಗೆ ಒಂದರ ಹಿಂದೆ ಒಂದು ಹಾಸ್ಯ ಸರಣಿ, ನಟನೆಗೆ ಒಟ್ಟು ನಾಲ್ಕು ಎಮ್ಮಿ ಪ್ರಶಸ್ತಿ. 1986ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಮತ್ತೊಂದು ಸರಣಿಗೆ ಇಳಿದದ್ದು ಸೋತಿತು. ಏಣಿ ಹತ್ತುವ ಅಜ್ಜಿಯನ್ನು ನೋಡಿ ಜನರಿಗೆ ನಗುವಿಗಿಂತ ಬಿದ್ದಾರೆಂಬ ಆತಂಕ ಹೆಚ್ಚಾಯಿತು. ಅದೇ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಕೆನಡಿ ಕಲಾ ಕೇಂದ್ರದಲ್ಲಿ ಲೂಸಿಲ್ ಅವರಿಗೆ ಗೌರವ ಸಮಾರಂಭ. ಐದು ದಿನ ಮುಂಚೆ ಡೆಸಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಡೆಸಿ ಬರೆದಿಟ್ಟಿದ್ದ ಪತ್ರವನ್ನು ವೇದಿಕೆಯಲ್ಲಿ ಓದಲಾಯಿತು. ‘ಐ ಲವ್ ಲೂಸಿ’ ಎಂಬುದು ಬರೀ ಶೀರ್ಷಿಕೆಯಾಗಿರಲಿಲ್ಲ ಎಂದು ಅದರ ಕೊನೆಯ ಸಾಲು. ಲೂಸಿಲ್ ತೀರಿಕೊಂಡದ್ದು 1989ರ ಏಪ್ರಿಲ್ 26ರಂದು.

ಹಳೆಯ ಕಂತುಗಳನ್ನು ನೋಡುವಾಗ ಒಮ್ಮೆ ಕಣ್ಣು ಮುಚ್ಚಿ ಬರೀ ಸದ್ದನ್ನು ಕೇಳಿ. ಆ ನಗು ಸೆಟ್ಟಿನೆದುರು ಕೂತಿದ್ದ ಮುನ್ನೂರು ಜನರದ್ದು. ಲೂಸಿ ಏನೋ ಎಡವಟ್ಟು ಮಾಡಲು ಹೊರಟಾಗ, ಇನ್ನೂ ಯಾರೂ ನಗುವ ಮೊದಲೇ, ಹೆಂಗಸೊಬ್ಬರು ‘ಅಯ್ಯಯ್ಯೋ’ ಎನ್ನುವ ಹಾಗೆ ಉದ್ಗಾರ ತೆಗೆಯುವುದು ಕೆಲವು ಕಂತುಗಳಲ್ಲಿ ಕೇಳುತ್ತದೆ. ಪ್ರತಿ ಚಿತ್ರೀಕರಣಕ್ಕೂ ಬಂದು ಪ್ರೇಕ್ಷಕರ ನಡುವೆ ಕೂರುತ್ತಿದ್ದ ಅಮ್ಮ ಡೀಡೀ ಅವರ ದನಿ ಅದು. ಫಿಲ್ಮಿನ ಅಂಚಿನ ಮೇಲೆ ಅದೂ ಹಾಗೆಯೇ ಕೂತಿದೆ.